ಸೂಲಗಿತ್ತಿಯರ ದಾರಿ ಮುಚ್ಚಿದ ಅಫ್ಘಾನಿಸ್ತಾನ

ಹೆರಿಗೆಯಾಗಿ ಮಾಸು ಕಳಚಿದ ಕೂಡಲೇ ಗರ್ಭಕೋಶ ಬಿಗಿಯಾಗಿ ಕುಗ್ಗಬೇಕು. ತೆರೆದ ರಕ್ತನಾಳಗಳ ಬಾಯಿ ಮುಚ್ಚುವುದು ಆಗಲೇ. ತುಂಬು ತಿಂಗಳಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಸುಮಾರು ಅರ್ಧ ಲೀಟರ್ ರಕ್ತ ಹರಿಯುತ್ತಿರುತ್ತದೆ. ಅದು ಕುಗ್ಗದೆ ಸಡಿಲವಾಗಿಯೇ ಉಳಿದರೆ ಬಾಣಂತಿಯ ಜೀವ ಎರಡು ಗಂಟೆಯೊಳಗೆ ಹೋಗಬಹುದು. ಮೊದಲ ಚಿಕಿತ್ಸೆಗೆ ದೊಡ್ಡ ಆಸ್ಪತ್ರೆಯೇ ಬೇಕೆಂದಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟು ಗರ್ಭಕೋಶವನ್ನು ಚೆನ್ನಾಗಿ ಉಜ್ಜಬೇಕು, ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಬೇಕು. ಅದನ್ನು ತಣ್ಣಗಿಡಲು ಫ್ರಿಜ್ ಇಲ್ಲದ ಊರಿನಲ್ಲಿ ಮಿಸೊಪ್ರೊಸ್ಟಾಲ್ ಮಾತ್ರೆಯಾದರೂ ನಡೆಯುತ್ತದೆ. ಆದರೆ ಇದನ್ನೆಲ್ಲ ಬಲ್ಲ ಒಬ್ಬಳು ಆ ಹೊತ್ತಿಗೆ ಪಕ್ಕದಲ್ಲಿರಬೇಕು.

ಅಫ್ಘಾನಿಸ್ತಾನದಲ್ಲಿ ಅಂಥವಳು ಇನ್ನು ತಯಾರಾಗುವಂತಿಲ್ಲ. 2021ರಲ್ಲಿ ತಾಲಿಬಾನ್ ಆಡಳಿತ ಹೆಣ್ಣುಮಕ್ಕಳ ಓದನ್ನು ಆರನೇ ತರಗತಿಗೆ ನಿಲ್ಲಿಸಿತು. 2022ರ ಡಿಸೆಂಬರಿನಲ್ಲಿ ಅವರಿಗೆ ವಿಶ್ವವಿದ್ಯಾಲಯಗಳ ಬಾಗಿಲು ಹಾಕಿತು. 2024ರ ಡಿಸೆಂಬರಿನಲ್ಲಿ, ಅಷ್ಟರವರೆಗೆ ಉಳಿದಿದ್ದ ನರ್ಸಿಂಗ್ ಮತ್ತು ಸೂಲಗಿತ್ತಿ ತರಬೇತಿಯನ್ನೂ ಹೆಂಗಸರಿಗೆ ನಿಷೇಧಿಸಿತು. ಗಂಡಸು ವೈದ್ಯ ಹೆರಿಗೆ ಮಾಡಿಸಲು ಎಷ್ಟೋ ಮನೆಗಳು ಒಪ್ಪದ ನಾಡು ಅದು.

ಅಲ್ಲಿ ಹಿಂದೆ ಏನಾಗಿತ್ತೆಂಬುದಕ್ಕೆ ದಾಖಲೆಯಿದೆ. 2002ರಲ್ಲಿ ಬದಖ್ಶಾನ್ ಪ್ರಾಂತ್ಯದ ರಾಘ್‌ನಲ್ಲಿ ನಡೆದ ಸಮೀಕ್ಷೆಯಂತೆ, ಲಕ್ಷ ಜೀವಂತ ಜನನಕ್ಕೆ ಸುಮಾರು 6,500 ತಾಯಂದಿರು ಸಾಯುತ್ತಿದ್ದರು. ಅಷ್ಟು ದೊಡ್ಡ ಪ್ರಮಾಣ ಅದುವರೆಗೆ ಜಗತ್ತಿನ ಯಾವ ಮೂಲೆಯಲ್ಲೂ ದಾಖಲಾಗಿರಲಿಲ್ಲ. ಇಡೀ ದೇಶದ ಲೆಕ್ಕ ಆಗ 1,600ರಷ್ಟಿತ್ತು. ಆಮೇಲೆ ಹಳ್ಳಿಯ ಹೆಣ್ಣುಮಕ್ಕಳನ್ನೇ ಆರಿಸಿ, ಕಲಿಸಿ, ಅವರವರ ಊರಿಗೆ ಮರಳಿ ಕಳಿಸುವ ಕೆಲಸ ವರ್ಷಗಟ್ಟಲೆ ನಡೆಯಿತು. ವಿಶ್ವಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಆ ಸಂಖ್ಯೆ 520ರ ಆಸುಪಾಸಿಗೆ ಇಳಿದಿತ್ತು. ಇಳಿಕೆಗೆ ಬೇರೆ ಕಾರಣಗಳೂ ಇವೆ, ನಿಜ. ಆದರೆ ಕಲಿತ ಸೂಲಗಿತ್ತಿಯಿಲ್ಲದೆ ಅವು ಯಾವುವೂ ಬಾಣಂತಿಯ ಮಂಚದ ತನಕ ತಲುಪುತ್ತಿರಲಿಲ್ಲ.

ಈ ನಿಷೇಧಕ್ಕೆ ಧರ್ಮವನ್ನು ಕಾರಣವಾಗಿ ತೋರಿಸುವವರು ಇರಾನಿನತ್ತ, ಬಾಂಗ್ಲಾದೇಶದತ್ತ ನೋಡಲಿ. ಎರಡೂ ಮುಸ್ಲಿಂ ಬಹುಸಂಖ್ಯಾತ ದೇಶಗಳೇ. ಹುಡುಗಿಯರನ್ನು ಓದಿಸಿ, ಹಳ್ಳಿಹಳ್ಳಿಗೆ ಆರೋಗ್ಯ ಕಾರ್ಯಕರ್ತೆಯರನ್ನು ಕಳಿಸಿ ತಾಯಂದಿರ ಸಾವನ್ನು ಬಹುವಾಗಿ ತಗ್ಗಿಸಿವೆ.

ನನ್ನ ಆತಂಕವಿರುವುದು ಈ ಹಾನಿ ಕಾಣಿಸಿಕೊಳ್ಳುವ ರೀತಿಯ ಬಗ್ಗೆ. ಹಿಂದೆ ಕಲಿತವರು ಇನ್ನೂ ಕೆಲಸದಲ್ಲಿದ್ದಾರೆ, ಹಾಗಾಗಿ ಅಂಕಿಅಂಶ ಒಮ್ಮೆಲೇ ಏರಲಿಕ್ಕಿಲ್ಲ. ಅವರಿಗೆ ವಯಸ್ಸಾಗುತ್ತದೆ, ಕೆಲವರು ದೇಶ ಬಿಡುತ್ತಾರೆ, ಆ ಜಾಗಕ್ಕೆ ಬರುವವರಿಲ್ಲ. 2025ರಲ್ಲಿ ಅಮೆರಿಕದ ನೆರವು ನಿಂತ ಮೇಲೆ ನೂರಾರು ಆರೋಗ್ಯ ಕೇಂದ್ರಗಳು ಮುಚ್ಚಿವೆ ಇಲ್ಲವೇ ಕೆಲಸ ನಿಲ್ಲಿಸಿವೆ. ಹುಡುಗಿಯರ ಓದು ನಿಂತದ್ದರಿಂದ 2026ರ ವೇಳೆಗೆ ಎಳೆ ವಯಸ್ಸಿನ ಹೆರಿಗೆ ಶೇ. 45ರಷ್ಟು, ತಾಯಂದಿರ ಸಾವು ಶೇ. 50ರವರೆಗೆ ಹೆಚ್ಚಬಹುದೆಂದು ವಿಶ್ವಸಂಸ್ಥೆಯ ಮಹಿಳಾ ವಿಭಾಗ 2024ರಲ್ಲೇ ಲೆಕ್ಕ ಹಾಕಿತ್ತು. ತಾಯಿ ಸತ್ತ ಮನೆಯಲ್ಲಿ ಹಸುಗೂಸು ಉಳಿಯುವ ಸಾಧ್ಯತೆಯೂ ತೀರಾ ಕುಗ್ಗುತ್ತದೆ.

ನಿಷೇಧವನ್ನು ನಾಳೆಯೇ ತೆಗೆದರೂ ಮೊದಲ ತಂಡ ಕಲಿತು ಹೊರಬರಲು ಸುಮಾರು ಎರಡು ವರ್ಷ ಬೇಕು. ಆರನೇ ತರಗತಿಗೆ ಓದು ನಿಂತ ಹುಡುಗಿಗೆ ಅದಕ್ಕೂ ಮೊದಲು ಪ್ರೌಢಶಾಲೆ ಮುಗಿಸಿಕೊಡಬೇಕು.