ನಾಲ್ಕು ಗಾಲಿಯ ಬಲ, ನಿತ್ಯದ ಹಾದಿ

ಮೋಟಾರು ಗಾಡಿಯ ಬಲವನ್ನು ಅಶ್ವಶಕ್ತಿಯ ಲೆಕ್ಕದಲ್ಲಿ ಹೇಳುವ ವಾಡಿಕೆ ಇಂದಿಗೂ ಉಳಿದಿದೆ. ಎಂಬತ್ತು ತೊಂಬತ್ತು ಅಶ್ವಶಕ್ತಿಯ ಸಣ್ಣ ಕಾರು ಇದ್ದರೆ ಒಂದು ಸಂಸಾರ ಬುತ್ತಿ ಕಟ್ಟಿಕೊಂಡು ಶಿವಗಂಗೆಗೋ ಸಾವನದುರ್ಗಕ್ಕೋ ನಿಶ್ಚಿಂತೆಯಿಂದ ಹೋಗಿಬರಬಹುದು. ಹೀಗಿರುವಾಗ ನಾನೂರರ ಆಸುಪಾಸಿನ ಅಶ್ವಶಕ್ತಿಯುಳ್ಳ, ನಾಲ್ಕು ಗಾಲಿಗಳಿಗೂ ಬಲ ಹಾಯುವ ಕಾರುಗಳು ಬೆಂಗಳೂರಿನ ಬೀದಿಗಳಲ್ಲಿ ಕಾಣಿಸಿಕೊಳ್ಳತೊಡಗಿವೆ. ಭಾನುವಾರದ ವಿಹಾರಕ್ಕೆ ಮಾತ್ರವಲ್ಲ, ಕಚೇರಿಗೆ, ಶಾಲೆಗೆ, ತರಕಾರಿ ತರಲಿಕ್ಕೂ ಅವನ್ನೇ ಓಡಿಸುವವರಿದ್ದಾರೆ. ಇಂಥ ಗಾಡಿಯನ್ನು ಹೆಗ್ಗನಹಳ್ಳಿಯಂಥ ಬಡಾವಣೆಯಲ್ಲಿಟ್ಟುಕೊಂಡು ದಿನವೂ ಬಳಸುವುದೆಂದರೆ ಏನು? ಅದರ ಬಲ ಎಲ್ಲಿ ಒದಗುತ್ತದೆ, ಎಲ್ಲಿ ಒದಗುವುದಿಲ್ಲ? ಕೊಳ್ಳುವವರಿಗೆ ಮಾತ್ರವಲ್ಲದೆ ಅದೇ ಬೀದಿಯಲ್ಲಿ ನಡೆದಾಡುವ ನಮ್ಮೆಲ್ಲರಿಗೂ ಇದು ತಿಳಿದಿರಬೇಕಾದ ವಿಷಯ.

ಮೊದಲು ಇದರ ಮರ್ಮವನ್ನು ನೋಡೋಣ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಬಲ ಮುಂದಿನ ಎರಡು ಗಾಲಿಗಳಿಗೋ ಹಿಂದಿನ ಎರಡು ಗಾಲಿಗಳಿಗೋ ಹೋಗುತ್ತದೆ. ಉಳಿದೆರಡು ಸುಮ್ಮನೆ ಉರುಳುತ್ತವೆ. ನಾಲ್ಕಕ್ಕೂ ಬಲ ಕೊಡಬೇಕಾದರೆ ಒಂದು ತೊಡಕಿದೆ. ತಿರುವಿನಲ್ಲಿ ಹೊರಗಿನ ಗಾಲಿ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎತ್ತಿನ ಗಾಡಿಯಲ್ಲಿ ಎರಡು ಗಾಲಿಗಳೂ ಅಚ್ಚಿನ ಮೇಲೆ ಬೇರೆಬೇರೆಯಾಗಿ ತಿರುಗುವುದರಿಂದ ಅಲ್ಲಿ ಈ ಪ್ರಶ್ನೆಯೇ ಏಳದು. ಮೋಟಾರಿನಲ್ಲಿ ಈ ವ್ಯತ್ಯಾಸಕ್ಕೆ ಅವಕಾಶ ಕೊಡುವ ಹಲ್ಲುಗಾಲಿಗಳ ಪೆಟ್ಟಿಗೆಗೆ ಡಿಫರೆನ್ಷಿಯಲ್ ಎಂದು ಹೆಸರು. ನಾಲ್ಕು ಗಾಲಿಗೂ ಬಲವೆಂದರೆ ಮುಂದೊಂದು, ಹಿಂದೊಂದು ಡಿಫರೆನ್ಷಿಯಲ್ ಬೇಕು. ಇವೆರಡರ ನಡುವೆ ಬಲವನ್ನು ಹಂಚಲು ಇನ್ನೊಂದು ಡಿಫರೆನ್ಷಿಯಲ್ಲೋ ಕ್ಲಚ್ಚೋ ಇರಬೇಕು. ವಿದ್ಯುತ್ ಕಾರಿನಲ್ಲಿ ಈ ಕೆಲಸ ಹಗುರವಾಗಿದೆ. ಮುಂದೊಂದು ಮೋಟಾರು, ಹಿಂದೊಂದು ಮೋಟಾರು. ನಡುವೆ ತಂತಿಯ ಸಂಬಂಧವೇ ಹೊರತು ಕಬ್ಬಿಣದ ದಂಡವಿಲ್ಲ.

ಎರಡನೆಯ ಮಹಾಯುದ್ಧದ ಜೀಪು ಈ ವಿದ್ಯೆಯನ್ನು ಲೋಕಕ್ಕೆಲ್ಲ ಪರಿಚಯಿಸಿತು. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮುಂಬಯಿಯ ಮಹೀಂದ್ರ ಕಂಪನಿ ಜೀಪುಗಳನ್ನು ಜೋಡಿಸತೊಡಗಿತು. ನಮ್ಮ ಮಲೆನಾಡಿನ ತೋಟಗಳಿಗೆ ಅವು ಬಹುಕಾಲದ ಒಡನಾಡಿಗಳಾದವು. ಆದರೆ ಜೀಪಿನ ಗುರಿ ವೇಗವಲ್ಲ, ಕೆಸರು ದಾಟುವುದು. ವೇಗದ ಕಾರಿಗೂ ಈ ವಿದ್ಯೆ ಒಗ್ಗುತ್ತದೆಂದು ಜನಕ್ಕೆ ಮನವರಿಕೆ ಮಾಡಿದ್ದು ೧೯೮೦ರಲ್ಲಿ ಜರ್ಮನಿಯ ಆಡಿ ಕಂಪನಿ ಹೊರತಂದ ಕ್ವಾಟ್ರೊ. ರ್‍ಯಾಲಿ ಪಂದ್ಯಗಳಲ್ಲಿ ಅದು ಗೆದ್ದ ಮೇಲೆ ಇತರರೂ ಅದೇ ದಾರಿ ಹಿಡಿದರು.

ಇಂದು ಇಂಥ ಗಾಡಿಗಳು ನಮ್ಮ ನೆರೆಯಲ್ಲೇ ಜೋಡಣೆಯಾಗಿವೆ. ೨೦೨೧ರ ಮಾರ್ಚಿಯಲ್ಲಿ ಮಾರಾಟಕ್ಕೆ ಬಂದ ಬಿಎಂಡಬ್ಲ್ಯು ಎಂ ೩೪೦ ಐ ಚೆನ್ನೈಯಲ್ಲಿ ಜೋಡಣೆಯಾಯಿತು. ಆರು ಸಿಲಿಂಡರಿನ ಮೂರು ಲೀಟರ್ ಪೆಟ್ರೋಲ್ ಎಂಜಿನ್ನು, ೩೮೭ ಅಶ್ವಶಕ್ತಿ. ನಿಂತಲ್ಲಿಂದ ಗಂಟೆಗೆ ೧೦೦ ಕಿ.ಮೀ. ವೇಗಕ್ಕೆ ೪.೪ ಸೆಕೆಂಡು. ನಮ್ಮ ಹೊಸಕೋಟೆಯ ವೋಲ್ವೊ ಕಾರ್ಖಾನೆಯಲ್ಲಿ ೨೦೧೭ರಿಂದ ಕಾರುಗಳ ಜೋಡಣೆ ಆರಂಭವಾಯಿತು. ೨೦೨೨ರಲ್ಲಿ ಅಲ್ಲಿಂದ ಹೊರಬಿದ್ದ ಎಕ್ಸ್‌ಸಿ ೪೦ ರೀಚಾರ್ಜ್ ಎಂಬ ವಿದ್ಯುತ್ ಕಾರಿಗೆ ಎರಡು ಮೋಟಾರು, ೪೦೮ ಅಶ್ವಶಕ್ತಿ. ನೂರರ ವೇಗಕ್ಕೆ ೪.೯ ಸೆಕೆಂಡು. ತೂಕ ಎರಡು ಟನ್ನಿಗೂ ಮಿಗಿಲು.

ಈಗ ಈ ಗಾಡಿಯನ್ನು ಹೊಸಕೋಟೆಯಿಂದ ಊರಿನ ಇನ್ನೊಂದು ತುದಿಯ ಹೆಗ್ಗನಹಳ್ಳಿಗೆ ತರೋಣ. ಒಂದು ಕಡೆ ಸುಂಕದಕಟ್ಟೆ ಮತ್ತು ಮಾಗಡಿ ರಸ್ತೆ, ಇನ್ನೊಂದು ಕಡೆ ಪೀಣ್ಯ ಕೈಗಾರಿಕಾ ಪ್ರದೇಶ. ನಡುವೆ ಮನೆಗೆ ತಾಗಿ ಮನೆ. ಅನೇಕ ಕಡೆ ಕೆಳಗೆ ಲೇತು, ಪ್ರೆಸ್ಸು, ಮೇಲೆ ಸಂಸಾರ. ಬೀದಿಯ ಎರಡೂ ಬದಿಗೆ ದ್ವಿಚಕ್ರ ವಾಹನಗಳು, ಕಬ್ಬಿಣದ ಸರಳು ಇಳಿಸುತ್ತಿರುವ ಗೂಡ್ಸ್ ಆಟೋ, ಪಾಳಿ ಮುಗಿಸಿ ಬರುವ ಕೆಲಸಗಾರರು, ಅಂಗಡಿಗೆ ಓಡುವ ಮಕ್ಕಳು. ಮೇಲೆ ಹೇಳಿದ ವಿದ್ಯುತ್ ಕಾರಿನ ಅಗಲ ಕನ್ನಡಿಗಳನ್ನು ಬಿಟ್ಟು ೧.೮೬ ಮೀಟರು, ಎಂದರೆ ಆರು ಅಡಿಗೂ ತುಸು ಹೆಚ್ಚು. ಇಪ್ಪತ್ತು ಅಡಿಯ ಬೀದಿಯಲ್ಲಿ ಇಬ್ಬದಿಗೂ ಗಾಡಿಗಳು ನಿಂತ ಮೇಲೆ ಎಷ್ಟು ಜಾಗ ಉಳಿಯುತ್ತದೆಂಬುದನ್ನು ಯಾರೂ ಊಹಿಸಬಹುದು. ಎದುರಿನಿಂದ ಇನ್ನೊಂದು ಬಂದರೆ ಇಬ್ಬರಲ್ಲೊಬ್ಬರು ಹಿಂದೆ ಸರಿಯಲೇಬೇಕು.

ಇಲ್ಲೊಂದು ಲೆಕ್ಕ ಮಾಡಿನೋಡುವುದು ಒಳ್ಳೆಯದು. ೪.೯ ಸೆಕೆಂಡಿನಲ್ಲಿ ನೂರರ ವೇಗ ಮುಟ್ಟುವ ಗಾಡಿ, ಒಂದೇ ಸಮನೆ ವೇಗ ಪಡೆಯುತ್ತದೆಂದು ಹಿಡಿದರೆ, ನಿಂತಲ್ಲಿಂದ ಬರೀ ೨೦ ಮೀಟರಿನೊಳಗೆ ಗಂಟೆಗೆ ೫೦ ಕಿ.ಮೀ. ದಾಟುತ್ತದೆ. ಅದಕ್ಕೆ ಹಿಡಿಯುವ ಕಾಲ ಮೂರು ಸೆಕೆಂಡೂ ಅಲ್ಲ. ಇಪ್ಪತ್ತು ಮೀಟರೆಂದರೆ ಎರಡು ಮೂರು ಮನೆಗಳ ಅಂತರ. ಬಾಗಿಲಿನಿಂದ ಹೊರಬಿದ್ದ ಮಗು ಬೀದಿಯ ನಡುವಿಗೆ ಬರಲು ಅಷ್ಟೇ ಹೊತ್ತು ಸಾಕು. ಜೊತೆಗೆ ವಿದ್ಯುತ್ ಕಾರು ನಿಧಾನವಾಗಿ ಚಲಿಸುವಾಗ ಸದ್ದು ಬಹಳ ಕಡಿಮೆ. ಪ್ರೆಸ್ಸಿನ ಸಪ್ಪಳದ ನಡುವೆ ಬೆನ್ನ ಹಿಂದೆ ಕಾರು ಬಂದದ್ದು ನಡೆದು ಹೋಗುವವರಿಗೆ ಕೇಳಿಸದು. ಆದ್ದರಿಂದ ಇಂಥ ಗಾಡಿಯ ಮೊದಲ ಶಿಕ್ಷಣ ಬಲಗಾಲಿನ ಶಿಕ್ಷಣ.

ಎರಡನೆಯ ವಿಷಯ ಇನ್ನೂ ಮುಖ್ಯ. ಬಹುಮಂದಿ ತಪ್ಪಾಗಿ ತಿಳಿಯುವುದೂ ಇದನ್ನೇ. ನಾಲ್ಕು ಗಾಲಿಯ ಬಲ ಹೊರಡುವುದಕ್ಕೆ ನೆರವು, ನಿಲ್ಲುವುದಕ್ಕೆ ಅಲ್ಲ. ಏರಿನಲ್ಲಿ ಗಾಡಿಗೆ ಇನ್ನೊಂದು ಜೊತೆ ಎತ್ತು ಕಟ್ಟಿದರೆ ಎಳೆಯುವುದು ಸಲೀಸು. ಇಳುಕಲಿನಲ್ಲಿ ಗಾಡಿಯನ್ನು ತಡೆಯಲು ಆ ಹೆಚ್ಚಿನ ಜೊತೆ ಏನು ಮಾಡೀತು? ಬ್ರೇಕು ಎಲ್ಲ ಕಾರುಗಳಲ್ಲೂ ನಾಲ್ಕು ಗಾಲಿಗಳ ಮೇಲೆಯೇ ಕೆಲಸ ಮಾಡುತ್ತದೆ. ನಿಲ್ಲುವ ದೂರವನ್ನು ನಿರ್ಧರಿಸುವುದು ವೇಗ, ಟೈರು ಮತ್ತು ರಸ್ತೆ. ಗಂಟೆಗೆ ೩೦ ಕಿ.ಮೀ. ವೇಗದಲ್ಲಿ ಅಪಾಯವನ್ನು ಕಂಡು ಕಾಲು ಬ್ರೇಕಿಗೆ ಬರಲು ಒಂದು ಸೆಕೆಂಡು ಹಿಡಿದರೆ, ಒಣರಸ್ತೆಯಲ್ಲಿ ಗಾಡಿ ನಿಲ್ಲುವ ಹೊತ್ತಿಗೆ ಸುಮಾರು ೧೩ ಮೀಟರು ಹೋಗಿರುತ್ತದೆ. ೬೦ರ ವೇಗದಲ್ಲಿ ಸುಮಾರು ೩೪ ಮೀಟರು. ಅದೇ ೬೦ರಲ್ಲಿ ರಸ್ತೆ ನೆನೆದಿದ್ದರೆ ೪೫ ಮೀಟರಿನವರೆಗೂ ಹೋದೀತು. ವೇಗ ಎರಡರಷ್ಟಾದರೆ ಬ್ರೇಕು ಹಿಡಿದ ಮೇಲಿನ ದೂರ ನಾಲ್ಕರಷ್ಟಾಗುತ್ತದೆ.

ಮಳೆಗಾಲದಲ್ಲಿ ಈ ಭೇದ ಅಪಾಯಕ್ಕೆ ಎಡೆಮಾಡುತ್ತದೆ. ನೆನೆದ ರಸ್ತೆಯಲ್ಲಿ ಎರಡು ಗಾಲಿಯ ಕಾರು ವೇಗವಾಗಿ ಹೊರಡಲು ಹೋದರೆ ಗಾಲಿ ಜಾರಿ, ರಸ್ತೆ ನುಣುಪಾಗಿದೆಯೆಂದು ಚಾಲಕನಿಗೆ ಎಚ್ಚರಿಕೆ ಕೊಡುತ್ತದೆ. ನಾಲ್ಕು ಗಾಲಿಯ ಕಾರು ಜಾರದೆ ಹೊರಟುಬಿಡುತ್ತದೆ. ಆ ಎಚ್ಚರಿಕೆ ಸಿಗದಿದ್ದುದರಿಂದ ಚಾಲಕ ಒಣರಸ್ತೆಯ ಧೈರ್ಯದಲ್ಲೇ ಮುಂದುವರಿಯುತ್ತಾನೆ. ಬ್ರೇಕು ಒತ್ತಿದಾಗಲೇ ನಿಜಸ್ಥಿತಿ ಗೊತ್ತಾಗುವುದು.

ನಿಂತ ನೀರಿನ ಮಾತೂ ಅಷ್ಟೆ. ೨೦೨೩ರ ಮೇ ತಿಂಗಳಿನಲ್ಲಿ ಕೆ. ಆರ್. ವೃತ್ತದ ಕೆಳಸೇತುವೆಯಲ್ಲಿ ತುಂಬಿದ ಮಳೆನೀರಿಗೆ ಕಾರೊಂದು ಸಿಕ್ಕಿ ಯುವತಿಯೊಬ್ಬರು ಅಸುನೀಗಿದ್ದು ಬೆಂಗಳೂರಿಗರ ನೆನಪಿನಲ್ಲಿದೆ. ನೀರಿನ ಆಳದ ಮುಂದೆ ಎಷ್ಟು ಗಾಲಿಗೆ ಬಲವಿದೆ ಎಂಬುದು ಲೆಕ್ಕಕ್ಕೆ ಬಾರದು. ಪೆಟ್ರೋಲ್ ಎಂಜಿನ್ನು ಗಾಳಿಯ ದಾರಿಯಲ್ಲಿ ನೀರು ಹೀರಿಕೊಂಡರೆ ಒಳಗಿನ ಉಕ್ಕಿನ ಕೋಲುಗಳೇ ಬಾಗಿಹೋಗುತ್ತವೆ. ಆಳ ತಿಳಿಯದ ನೀರಿಗೆ ಯಾವ ಕಾರನ್ನೂ ಇಳಿಸಬಾರದು, ಹಿಂದಿರುಗುವುದೇ ಜಾಣತನ.

ಇನ್ನು ನಿತ್ಯದ ಕಿರುಕುಳಗಳಿಗೆ ಬರೋಣ. ಇವುಗಳಲ್ಲಿ ಮೊದಲನೆಯದು ರಸ್ತೆಯ ಉಬ್ಬು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಉಬ್ಬು ೧೦ ಸೆಂಟಿಮೀಟರು ಎತ್ತರ, ೩.೭ ಮೀಟರು ಅಗಲ ಇರಬೇಕು. ಗಂಟೆಗೆ ೨೫ ಕಿ.ಮೀ. ವೇಗದಲ್ಲಿ ಅದನ್ನು ಸುಖವಾಗಿ ದಾಟಬಹುದು. ಬೀದಿಯವರೇ ಸೇರಿ ಒಂದು ರಾತ್ರಿಯಲ್ಲಿ ಕಟ್ಟುವ ಉಬ್ಬಿಗೆ ಈ ಅಳತೆಯ ಹಂಗಿಲ್ಲ. ಅದು ಎತ್ತರವೂ ಹೌದು, ಮೊನಚೂ ಹೌದು. ನೆಲಕ್ಕೆ ಹತ್ತಿರವಾಗಿ ಕೂರುವ ವೇಗದ ಕಾರಿನ ಹೊಟ್ಟೆ ಅಲ್ಲಿ ಉಜ್ಜುತ್ತದೆ. ಓರೆಯಾಗಿ, ಒಂದೊಂದೇ ಗಾಲಿ ಹತ್ತುವಂತೆ ದಾಟಿಸುವುದು ವಾಡಿಕೆ.

ಎರಡನೆಯದು ಟೈರು. ಇಂಥ ಕಾರಿನ ಗಾಲಿ ದೊಡ್ಡದು, ಅದರ ಸುತ್ತಲಿನ ರಬ್ಬರಿನ ಗೋಡೆ ಗಿಡ್ಡ. ಗುಂಡಿಗೆ ಬಿದ್ದಾಗ ಪೆಟ್ಟನ್ನು ತಾಳಲು ಸಾಕಷ್ಟು ರಬ್ಬರಿಲ್ಲದೆ ಟೈರಿನ ಪಕ್ಕ ಊದಿಕೊಳ್ಳುವುದುಂಟು, ಲೋಹದ ಗಾಲಿಯೇ ನಸುಬಾಗುವುದೂ ಉಂಟು. ಊದಿದ ಟೈರನ್ನು ಪಂಕ್ಚರಿನಂತೆ ಸರಿಮಾಡಲಾಗದು, ಬದಲಿಸಲೇಬೇಕು. ಮುಂದಿನ ಹಿಂದಿನ ಗಾಲಿಗಳನ್ನು ದಂಡದಿಂದ ಜೋಡಿಸಿದ ಪೆಟ್ರೋಲ್ ಕಾರಿನಲ್ಲಿ ಇನ್ನೂ ಒಂದು ನಿರ್ಬಂಧವಿದೆ. ಸವೆದ ಟೈರಿನ ಸುತ್ತಳತೆ ಹೊಸದಕ್ಕಿಂತ ಕಡಿಮೆ. ನಾಲ್ಕರಲ್ಲಿ ಒಂದನ್ನು ಮಾತ್ರ ಹೊಸದು ಹಾಕಿದರೆ ನೇರ ರಸ್ತೆಯಲ್ಲೂ ಗಾಲಿಗಳ ಸುತ್ತು ಹೊಂದುವುದಿಲ್ಲ. ನಡುವಿನ ಕ್ಲಚ್ಚು ಸದಾ ಜಾರುತ್ತ, ಕಾದು ಸವೆಯುತ್ತದೆ. ಹೀಗಾಗಿ ಸವೆತ ಹೆಚ್ಚಾಗಿದ್ದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಬೇಕಾಗುತ್ತದೆ. ವಾರಕ್ಕೊಮ್ಮೆ ಗಾಳಿ ನೋಡುವುದು ಈ ವೆಚ್ಚವನ್ನು ದೂರವಿಡುವ ಅಗ್ಗದ ಉಪಾಯ.

ಮೂರನೆಯದು ಆಹಾರ. ಟಾಮ್‌ಟಾಮ್ ಎಂಬ ಡಚ್ ಸಂಸ್ಥೆ ೨೦೨೨ನೆಯ ಸಾಲಿಗೆ ಮಾಡಿದ ಎಣಿಕೆಯಂತೆ ಬೆಂಗಳೂರಿನ ನಡುಭಾಗದಲ್ಲಿ ೧೦ ಕಿ.ಮೀ. ಸಾಗಲು ಸರಾಸರಿ ೨೯ ನಿಮಿಷ ೧೦ ಸೆಕೆಂಡು ಬೇಕಾಯಿತು. ಗಂಟೆಗೆ ಇಪ್ಪತ್ತು ಕಿಲೋಮೀಟರಿನ ಲೆಕ್ಕವಾಯಿತು. ಚುರುಕಾದ ಸೈಕಲ್ ಸವಾರನೂ ಇದಕ್ಕೆ ಸಮ ಬಂದಾನು. ಈ ನಡಿಗೆಯಲ್ಲಿ ದೊಡ್ಡ ಪೆಟ್ರೋಲ್ ಎಂಜಿನ್ನು ಹೆಚ್ಚು ಹೊತ್ತು ನಿಂತಲ್ಲೇ ಕುಡಿಯುತ್ತದೆ. ವಿದ್ಯುತ್ ಕಾರಿಗೆ ಇದೇ ಅನುಕೂಲದ ಎಡೆ. ನಿಂತಾಗ ಅದರ ಮೋಟಾರಿಗೆ ಖರ್ಚಿಲ್ಲ. ಕಾಲು ಎತ್ತಿದರೆ ಮೋಟಾರೇ ಗಾಡಿಯನ್ನು ತಡೆದು ಸ್ವಲ್ಪ ವಿದ್ಯುತ್ತನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ.

ಮನೆಯಲ್ಲಿ ವಿದ್ಯುತ್ ತುಂಬಿಸುವ ಬಗೆ ಹಲವರಿಗೆ ಸಂಶಯವಿದೆ. ಬ್ಯಾಟರಿ ೭೮ ಯೂನಿಟ್ಟಿನದು. ೧೫ ಆಂಪಿಯರಿನ ಸಾಮಾನ್ಯ ಪ್ಲಗ್ಗಿನಿಂದ ಗಂಟೆಗೆ ಮೂರು ಯೂನಿಟ್ ತುಂಬಿದರೆ ಬರಿದಾದ ಬ್ಯಾಟರಿ ತುಂಬಲು ಒಂದು ಹಗಲು ಒಂದು ರಾತ್ರಿ ಮೀರುತ್ತದೆ. ಆದರೆ ದಿನವೂ ಬ್ಯಾಟರಿ ಬರಿದಾಗುವುದಿಲ್ಲವಷ್ಟೆ. ಮೂವತ್ತು ಕಿಲೋಮೀಟರಿನ ಓಡಾಟಕ್ಕೆ ಸುಮಾರು ಆರು ಏಳು ಯೂನಿಟ್ ಬೇಕು. ಎರಡು ಎರಡೂವರೆ ಗಂಟೆಯಲ್ಲಿ ಅದು ತುಂಬುತ್ತದೆ. ಬೇಗ ತುಂಬಿಸುವ ೧೧ ಕಿಲೋವಾಟಿನ ಪೆಟ್ಟಿಗೆಗೆ ಮೂರು ಫೇಸಿನ ಸಂಪರ್ಕ ಬೇಕು, ಬೆಸ್ಕಾಂನಿಂದ ಮಂಜೂರಾದ ಲೋಡನ್ನು ಹೆಚ್ಚಿಸಿಕೊಳ್ಳಬೇಕು. ನಾಲ್ಕು ಬಾಡಿಗೆ ಮನೆಗಳಿರುವ ಕಟ್ಟಡದಲ್ಲಿ ಇದಕ್ಕೆ ಮಾಲೀಕರ ಒಪ್ಪಿಗೆಯೂ ನೆರೆಯವರ ಸೈರಣೆಯೂ ಅಗತ್ಯ. ಹಳೆಯ ತಂತಿಗೆ ನೇರವಾಗಿ ತೂಗುಹಾಕುವುದು ಬೆಂಕಿಗೆ ಕರೆ ಕೊಟ್ಟಂತೆ.

ಹಣದ ಮಾತನ್ನು ಚುಟುಕಾಗಿ ಮುಗಿಸಬಹುದು. ಆ ವಿದ್ಯುತ್ ಕಾರಿನ ೨೦೨೨ರ ಬೆಲೆ ೫೫.೯ ಲಕ್ಷ ರೂಪಾಯಿ. ೨೦೨೪ರಲ್ಲಿ ಕರ್ನಾಟಕ ಸರ್ಕಾರ ೨೫ ಲಕ್ಷ ಮೀರಿದ ವಿದ್ಯುತ್ ಕಾರುಗಳ ಮೇಲೆ ಶೇಕಡಾ ೧೦ರ ಆಜೀವ ತೆರಿಗೆ ಹೇರಿತು. ಆ ಬೆಲೆಗೆ ಅದೊಂದೇ ಐದೂವರೆ ಲಕ್ಷ ದಾಟುತ್ತದೆ. ವಿಮೆ, ಟೈರು, ಬಣ್ಣದ ಗೀರು, ಎಲ್ಲವೂ ಈ ಬೆಲೆಯ ಪ್ರಮಾಣದಲ್ಲೇ ಬರುತ್ತವೆ. ಕೊಂಡ ದಿನದ ಶಕ್ತಿಗಿಂತ ಮೂರನೆಯ ವರ್ಷದ ಶಕ್ತಿಯನ್ನು ಅಳೆದು ಹೆಜ್ಜೆಯಿಡುವುದು ಗೃಹಸ್ಥರಿಗೆ ಕ್ಷೇಮ.

ಹಾಗಾದರೆ ಈ ಬಲದಿಂದ ಪ್ರಯೋಜನವೇ ಇಲ್ಲವೆ? ಇದೆ. ಶಿರಾಡಿ, ಚಾರ್ಮಾಡಿ ಘಟ್ಟಗಳ ನೆನೆದ ತಿರುವಿನ ಏರಿನಲ್ಲಿ, ಜಲ್ಲಿ ಕಿತ್ತ ಹಳ್ಳಿಯ ದಾರಿಯಲ್ಲಿ, ಕೆಸರಿನ ಅಂಗಳದಿಂದ ಹೊರಡುವಾಗ ನಾಲ್ಕು ಗಾಲಿಯ ಹಿಡಿತ ನಿಜವಾದ ನೆಮ್ಮದಿ. ಎರಡು ಪಥದ ರಸ್ತೆಯಲ್ಲಿ ಲಾರಿಯನ್ನು ದಾಟಬೇಕಾದಾಗ ಎದುರು ಬದಿಯಲ್ಲಿ ಕಳೆಯುವ ಹೊತ್ತು ಕಡಿಮೆಯಾಗುತ್ತದೆ. ಆದರೆ ತೆರೆದ ಹೆದ್ದಾರಿಗೂ ಮಿತಿಯುಂಟು. ೨೦೨೩ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳಿಗೆ ಗೊತ್ತುಮಾಡಿದ ಮಿತಿ ಗಂಟೆಗೆ ೧೦೦ ಕಿ.ಮೀ.; ೨೦೨೪ರ ಆಗಸ್ಟಿನಿಂದ ರಾಜ್ಯದಲ್ಲಿ ೧೩೦ ಮೀರಿ ಓಡಿಸಿದವರ ಮೇಲೆ ಮೊಕದ್ದಮೆ ಹೂಡುವ ಕ್ರಮ ಬಂದಿತು. ನಾನೂರು ಅಶ್ವಶಕ್ತಿಯ ಬಹುಭಾಗ ಯಾವಾಗಲೂ ಕಾದಿಟ್ಟ ಧನದಂತೆ ಉಳಿಯಬೇಕಾದದ್ದು.

ಮನೆಯ ಕಾರೆಂದ ಮೇಲೆ ಓಡಿಸುವವರು ಒಬ್ಬರೇ ಅಲ್ಲ. ಹೊಸದಾಗಿ ಲೈಸೆನ್ಸು ಪಡೆದ ಮಗನೋ ಮಗಳೋ ಇರುತ್ತಾರೆ, ಬದಲಿ ಚಾಲಕ ಬರುತ್ತಾನೆ. ಬೀಗದ ಕೈ ಕೊಡುವ ಮೊದಲು ತೆರವಾದ ಜಾಗದಲ್ಲಿ, ಹಿರಿಯರೊಬ್ಬರು ಪಕ್ಕದಲ್ಲಿ ಕುಳಿತು, ಈ ಗಾಡಿ ಎಷ್ಟು ಬೇಗ ಹೊರಡುತ್ತದೆಂಬುದನ್ನೂ, ನಿಲ್ಲಲು ಎಷ್ಟು ದೂರ ಬೇಕೆಂಬುದನ್ನೂ ತೋರಿಸಿಕೊಡಬೇಕು. ಊರೊಳಗೆ ಸದಾ ಸೌಮ್ಯವಾದ ಓಟದ ಕ್ರಮವನ್ನೇ ಆರಿಸಿಡಬೇಕು. ಟೈರಿನ ಗಾಳಿ, ಬ್ರೇಕಿನ ಸವೆತ, ಕನ್ನಡಿಯ ಕೋನ ಇವನ್ನು ಮನೆಯ ಎಲ್ಲರೂ ನೋಡಲು ಕಲಿಯಬೇಕು. ಕೊಳ್ಳಹೊರಟವರು ಅಂಗಡಿಯವರನ್ನು ನೂರರ ವೇಗಕ್ಕೆ ಎಷ್ಟು ಸೆಕೆಂಡೆಂದು ಕೇಳುವುದಕ್ಕೆ ಮೊದಲು, ಆ ಗಾಡಿಯನ್ನು ಸಂಜೆ ಆರು ಗಂಟೆಗೆ ತಮ್ಮ ಬೀದಿಯಲ್ಲಿ ಒಂದು ಸುತ್ತು ಓಡಿಸಿನೋಡಲಿ. ಅದು ಹೇಗೆ ಹೊರಡುತ್ತದೆ ಎಂಬುದಕ್ಕಿಂತ ಹೇಗೆ ನಿಲ್ಲುತ್ತದೆ, ಎಲ್ಲಿ ತಿರುಗುತ್ತದೆ, ರಾತ್ರಿ ಎಲ್ಲಿ ತಂಗುತ್ತದೆ ಎಂಬುದರ ಮೇಲೆಯೇ ದಿನದಿನದ ಬಾಳು ನಿಂತಿದೆ.