ಅಳತೆ ತಪ್ಪಿದ ಜಿಗಿತ: ‘ಪ್ರಿನ್ಸ್ ಆಫ್ ಪರ್ಷಿಯಾ 3ಡಿ’

ಎತ್ತರ ತಗ್ಗಿನ ಕಟ್ಟೆಗಳ ಮೇಲೆ ಓಡುತ್ತ, ನಡುವಿನ ಕಂದಕಗಳನ್ನು ಜಿಗಿದು ದಾಟುತ್ತ ಗುರಿ ಮುಟ್ಟಬೇಕಾದ ವಿಡಿಯೊ ಆಟಗಳಿಗೆ ಪ್ಲಾಟ್‌ಫಾರ್ಮ್ ಆಟಗಳೆಂದು ಹೆಸರು. 1990ರ ದಶಕದಲ್ಲಿ ಕರ್ನಾಟಕದ ಕಂಪ್ಯೂಟರ್ ತರಬೇತಿ ಕೇಂದ್ರಗಳಲ್ಲಿಯೂ ಕಚೇರಿಗಳಲ್ಲಿಯೂ ಡಾಸ್ ಯಂತ್ರದ ಮುಂದೆ ಕುಳಿತ ತಲೆಮಾರಿಗೆ ಈ ಬಗೆಯ ಆಟವೆಂದರೆ ಮೊದಲು ನೆನಪಾಗುವುದು, ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ಹಬ್ಬಿದ ‘ಪ್ರಿನ್ಸ್ ಆಫ್ ಪರ್ಷಿಯಾ’. ಅದೇ ಸರಣಿಯ ಮೂರನೆಯ ಆಟ 1999ರಲ್ಲಿ ಬಂದು ಅಭಿಮಾನಿಗಳನ್ನು ನಿರಾಶೆಗೊಳಿಸಿತು. ಅದರ ಸೋಲನ್ನು ಅರಿಯಬೇಕಾದರೆ ಮೊದಲನೆಯದರ ಗೆಲುವು ಎಲ್ಲಿತ್ತೆಂಬುದನ್ನು ನೋಡಬೇಕಾಗುತ್ತದೆ.

ಅಮೆರಿಕದ ಜೋರ್ಡನ್ ಮೆಕ್ನರ್ ಎಂಬ ತರುಣ ಬಹುಮಟ್ಟಿಗೆ ಒಬ್ಬನೇ ರಚಿಸಿದ ಮೂಲ ಆಟವನ್ನು ಬ್ರೋಡರ್‌ಬಂಡ್ ಸಂಸ್ಥೆ 1989ರಲ್ಲಿ ಆಪಲ್ 2 ಯಂತ್ರಕ್ಕಾಗಿ ಹೊರತಂದಿತು. ಮೆಕ್ನರ್ ತನ್ನ ತಮ್ಮ ಡೇವಿಡ್ ಓಡುವುದನ್ನೂ ಜಿಗಿಯುವುದನ್ನೂ ವಿಡಿಯೊದಲ್ಲಿ ಸೆರೆಹಿಡಿದು, ಅದರ ಒಂದೊಂದು ಚೌಕಟ್ಟನ್ನೂ ಅನುಸರಿಸಿ ರಾಜಕುಮಾರನ ಚಿತ್ರಗಳನ್ನು ಬಿಡಿಸಿದ್ದರಿಂದ, ಆ ಪುಟ್ಟ ಬಿಳಿಯುಡುಪಿನ ಆಕೃತಿಗೆ ಮನುಷ್ಯದೇಹದ ತೂಕವೂ ಆಯಾಸವೂ ಬಂದವು. ರೋಟೋಸ್ಕೋಪಿಂಗ್ ಎಂಬ ಈ ವಿಧಾನ ಅದಕ್ಕೂ ಮೊದಲೇ ಸಿನಿಮಾದಲ್ಲಿ ಬಳಕೆಯಲ್ಲಿತ್ತು. ಆದರೆ ಚಲನೆಯ ಚೆಲುವಿಗಿಂತ ದೊಡ್ಡದು ಅದರ ಹಿಂದಿದ್ದ ಅಳತೆ. ಪ್ರತಿ ಕೋಣೆಯೂ ಅಡ್ಡಲಾಗಿ ಹತ್ತು, ಎತ್ತರಕ್ಕೆ ಮೂರು ಮನೆಗಳ ಒಂದು ಪಟ. ಓಡಿ ಜಿಗಿದರೆ ಎಷ್ಟು ಮನೆ ದಾಟಬಹುದು, ನಿಂತು ಜಿಗಿದರೆ ಎಷ್ಟು ಎಂಬುದು ಎಂದೂ ಬದಲಾಗುತ್ತಿರಲಿಲ್ಲ. ಒಂದು ಅಂತಸ್ತು ಬಿದ್ದರೆ ಅಪಾಯವಿಲ್ಲ, ಎರಡು ಅಂತಸ್ತಾದರೆ ಜೀವಬಲದ ಒಂದು ಅಂಶ ನಷ್ಟ, ಮೂರಾದರೆ ಸಾವು. ಶಿಫ್ಟ್ ಗುಂಡಿಯನ್ನು ಒತ್ತಿ ಹೆಜ್ಜೆಯಿಟ್ಟರೆ ರಾಜಕುಮಾರ ಮೆಲ್ಲನೆ ಸರಿದು, ಅಂಚು ಬಂದೊಡನೆ ತಾನಾಗಿ ನಿಲ್ಲುತ್ತಿದ್ದ. ಅರವತ್ತು ನಿಮಿಷಗಳ ಒಳಗೆ ಸುಲ್ತಾನನ ಮಗಳನ್ನು ಬಿಡಿಸಬೇಕೆಂಬ ಕಠಿಣ ನಿಬಂಧನೆಯಿದ್ದರೂ ಸೋತವನಿಗೆ ತಪ್ಪು ತನ್ನದೆಂದು ಸ್ಪಷ್ಟವಾಗಿ ತಿಳಿಯುತ್ತಿತ್ತು, ಮತ್ತೆ ಆಡಿಸುತ್ತಿದ್ದುದೂ ಆ ನ್ಯಾಯವೇ.

1993ರಲ್ಲಿ ಬಂದ ಎರಡನೆಯ ಆಟ ಈ ನಿಯಮವನ್ನು ಬಹುಪಾಲು ಉಳಿಸಿಕೊಂಡಿತು. ಅನಂತರ ಉದ್ಯಮದ ದಿಕ್ಕೇ ಬದಲಾಯಿತು. 1996ರ ‘ಟೂಂಬ್ ರೇಡರ್’, ಪ್ರಿನ್ಸ್‌ನಿಂದಲೇ ಕಲಿತ ಜಿಗಿತವನ್ನು ಮೂರು ಆಯಾಮಗಳ ಜಗತ್ತಿಗೆ, ಅಂದರೆ ಉದ್ದ ಎತ್ತರಗಳ ಜೊತೆಗೆ ಆಳವೂ ಇರುವ ದೃಶ್ಯಕ್ಕೆ ತಂದು ಯಶಸ್ವಿಯಾಗಿತ್ತು. ಮೂಲ ಸರಣಿಯೂ ಅದೇ ಹಾದಿ ಹಿಡಿಯುವ ಒತ್ತಡಕ್ಕೆ ಸಿಲುಕಿತು. ಬ್ರೋಡರ್‌ಬಂಡ್‌ನ ಆಟವಿಭಾಗವಾದ ರೆಡ್ ಆರ್ಬ್ ಈ ಕೆಲಸವನ್ನು ಕೈಗೆತ್ತಿಕೊಂಡಿದ್ದ ಕಾಲದಲ್ಲಿಯೇ, 1998ರಲ್ಲಿ, ಲರ್ನಿಂಗ್ ಕಂಪನಿಯು ಬ್ರೋಡರ್‌ಬಂಡ್ ಅನ್ನು ಕೊಂಡಿತು, ಮರುವರ್ಷ ಬೊಂಬೆ ತಯಾರಕ ಮ್ಯಾಟೆಲ್ ಲರ್ನಿಂಗ್ ಕಂಪನಿಯನ್ನೇ ಕೊಂಡಿತು. ಯಜಮಾನರು ಹೀಗೆ ಬದಲಾಗುತ್ತಿದ್ದ ಹೊತ್ತಿನಲ್ಲಿ ಹೊರಬಿದ್ದ ಆಟದಲ್ಲಿ ಬಗ್‌ಗಳು, ಎಂದರೆ ಕ್ರಮವಿಧಿಯ ದೋಷಗಳು, ಹೇರಳವಾಗಿದ್ದವು.

ಬಗ್‌ಗಳನ್ನು ಅನಂತರ ತಿದ್ದಬಹುದು. ಅಳತೆ ಕೆಟ್ಟುದನ್ನು ಹಾಗೆ ತಿದ್ದಲಾಗದು. ದೃಶ್ಯವನ್ನು ತೋರಿಸುವ ಕಾಲ್ಪನಿಕ ಕ್ಯಾಮೆರಾ ರಾಜಕುಮಾರನ ಬೆನ್ನ ಹಿಂದೆ ನಿಂತಾಗ ಎದುರಿನ ಕಂದಕದ ಅಗಲ ಕಣ್ಣಿಗೆ ಸರಿಯಾಗಿ ಗೋಚರಿಸುವುದಿಲ್ಲ, ಅದು ಗೋಡೆಗೆ ಸಿಕ್ಕಿ ವಾಲಿದರಂತೂ ದಿಕ್ಕೇ ತಪ್ಪುತ್ತದೆ. ಗುಂಡಿ ಒತ್ತಿದ ಬಳಿಕ ದೇಹ ತಡವಾಗಿ ಸ್ಪಂದಿಸುತ್ತಿದ್ದುದರಿಂದ ಆಟಗಾರ ಮಾಡದ ತಪ್ಪಿಗೂ ರಾಜಕುಮಾರ ಸಾಯುತ್ತಿದ್ದ. ಬಿಲ್ಲು, ದೊಣ್ಣೆ, ಜೋಡಿ ಕತ್ತಿಗಳೆಂದು ಆಯುಧಗಳು ಹೆಚ್ಚಿದವು, ಅರಮನೆಗಳ ಚಿತ್ರಣವೂ ಸೊಗಸಾಗಿತ್ತು. ಆದರೆ ಈ ಸರಣಿಗೆ ಬೆರಳಿಗೂ ಹೆಜ್ಜೆಗೂ ನಡುವಿನ ನಂಬಿಕೆಯೇ ಪ್ರಾಣವಾಗಿತ್ತು, ಕಳೆದುಹೋದದ್ದು ಅದೇ.

ಮೂರು ಆಯಾಮವೇ ದೋಷವೆಂದು ತೀರ್ಮಾನಿಸುವುದು ತಪ್ಪಾದೀತು. ಯೂಬಿಸಾಫ್ಟ್‌ನ ಮಾಂಟ್ರಿಯಲ್ ತಂಡ ಮೆಕ್ನರ್‌ನನ್ನೇ ಕಥೆಗಾರನನ್ನಾಗಿ ಕೂಡಿಸಿಕೊಂಡು 2003ರಲ್ಲಿ ಹೊರತಂದ ‘ದ ಸ್ಯಾಂಡ್ಸ್ ಆಫ್ ಟೈಮ್’ ಆ ನಂಬಿಕೆಯನ್ನು ಮರಳಿ ಕಟ್ಟಿತು: ಗೋಡೆಯ ಮೇಲೆ ಓಡಬಲ್ಲ ರಾಜಕುಮಾರ ಜಿಗಿತ ತಪ್ಪಿ ಬಿದ್ದರೆ ಮಾಯಾಕಠಾರಿಯ ಮರಳಿನಿಂದ ಕಾಲವನ್ನು ಹಿಂದಕ್ಕೆ ಸರಿಸಿ ಅದೇ ಅಂಚಿನಲ್ಲಿ ಮತ್ತೆ ನಿಲ್ಲಬಹುದಾಗಿತ್ತು. ಆಳದ ಅಂದಾಜು ತಪ್ಪುವುದು ಸಹಜವೆಂದು ಒಪ್ಪಿಕೊಂಡು ಅದಕ್ಕೆ ಆಟದ ಒಳಗಿನಿಂದಲೇ ಪರಿಹಾರ ಒದಗಿಸಿದ ಈ ಯುಕ್ತಿ 1999ರ ತಂಡಕ್ಕೆ ಹೊಳೆದಿರಲಿಲ್ಲ. ಇದೇ ಆಟದ ಮರುನಿರ್ಮಾಣವನ್ನು ಪುಣೆ ಮತ್ತು ಮುಂಬೈನ ಯೂಬಿಸಾಫ್ಟ್ ಶಾಖೆಗಳು ಮಾಡಲಿವೆಯೆಂದು 2020ರಲ್ಲಿ ಪ್ರಕಟವಾದಾಗ ಭಾರತದಲ್ಲಿ ಹುಟ್ಟಿದ ಹೆಮ್ಮೆ ಹೆಚ್ಚು ಕಾಲ ನಿಲ್ಲಲಿಲ್ಲ. ತೋರಿಸಿದ ದೃಶ್ಯಗಳು ಟೀಕೆಗೆ ಗುರಿಯಾಗಿ, ಬಿಡುಗಡೆ ಮುಂದೆ ಮುಂದೆ ಹೋಗಿ, 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ವರ್ಗವಾಯಿತು.

ಕಳೆದುಹೋಗಿದೆಯೆಂದು ತಿಳಿದಿದ್ದ ಮೂಲ ಆಟದ ಆಕರಸಂಕೇತ, ಅಂದರೆ ಯಂತ್ರಕ್ಕೆ ಬರೆದ ಆಜ್ಞೆಗಳ ಪಾಠ, ಹಳೆಯ ಡಿಸ್ಕ್‌ಗಳಲ್ಲಿ ಸಿಕ್ಕಿದ ಮೇಲೆ ಮೆಕ್ನರ್ ಅದನ್ನು 2012ರಲ್ಲಿ ಅಂತರಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟ. ರಾಯಚೂರು ಜಿಲ್ಲೆಯ ವಳಕಮದಿನ್ನಿಯಲ್ಲಿ ಕುಳಿತು ಆಟ ರಚಿಸಬೇಕೆನ್ನುವ ವಿದ್ಯಾರ್ಥಿಗೂ ಅದು ಹಣವಿಲ್ಲದೆ ದೊರೆಯುತ್ತದೆ. ಓದಲು ತೊಡಗುವವರು ಅಂಚಿನಲ್ಲಿ ನಿಲ್ಲುವ ಆ ಎಚ್ಚರದ ಹೆಜ್ಜೆಯಿಂದಲೇ ಆರಂಭಿಸಲಿ.