ಕರುಳಿನ ಸಂದಿಯಲ್ಲಿ ಕೂತ ಗಡ್ಡೆ

ಬೆಂಗಳೂರಿನ ಚಾಮರಾಜಪೇಟೆಯಿಂದ ಕೆ.ಆರ್. ಮಾರುಕಟ್ಟೆಯ ಕಡೆಗೆ ನಡೆದರೆ ವಿಕ್ಟೋರಿಯಾ ಆಸ್ಪತ್ರೆ ಸಿಗುತ್ತದೆ. 1900ರಲ್ಲಿ ಅದು ಬಾಗಿಲು ತೆರೆದಾಗ ದೊಡ್ಡಕರುಳಿನ ಮೇಲ್ಭಾಗದ ಗಡ್ಡೆ ತೆಗೆಯಲು ಹೊಟ್ಟೆ ಕೊಯ್ಯದೆ ಬೇರೆ ದಾರಿ ಇರಲಿಲ್ಲ. ಇಂದು ಅದೇ ಆವರಣದಲ್ಲಿ ಜೀರ್ಣಾಂಗದ ಕಾಯಿಲೆಗಳಿಗೆಂದೇ ಒಂದು ಸರ್ಕಾರಿ ಸಂಸ್ಥೆಯಿದೆ. ಆದರೂ ನಮ್ಮ ಬಸವನಗುಡಿ, ಮಲ್ಲೇಶ್ವರದ ಮನೆಗಳಲ್ಲಿ ಮಲದಲ್ಲಿ ರಕ್ತ ಕಂಡರೆ ಮೊದಲು ಬರುವ ಮಾತು ಒಂದೇ: ಮೂಲವ್ಯಾಧಿ ಇರಬೇಕು, ಖಾರ ಕಡಿಮೆ ಮಾಡಿ. ಆ ರಕ್ತ ಕರುಳಿನ ಗಡ್ಡೆಯಿಂದಲೂ ಬಂದಿರಬಹುದು ಎಂಬುದು ಹೊಳೆಯದೆ ಹಾಗೆಯೇ ವರ್ಷ ಕಳೆದುಹೋಗುತ್ತದೆ.

ದೊಡ್ಡಕರುಳಿನ ಕ್ಯಾನ್ಸರ್ ಬಹುಪಾಲು ಪಾಲಿಪ್ ಎಂಬ ಸಣ್ಣ ಗಡ್ಡೆಯಾಗಿ ಶುರುವಾಗುತ್ತದೆ; ಕೆಡಲು ಹಲವು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಪೂರ್ತಿ ತೆಗೆದುಬಿಟ್ಟರೆ ಆ ಗಡ್ಡೆಯಿಂದ ಕ್ಯಾನ್ಸರ್ ಹುಟ್ಟುವುದಿಲ್ಲ. 1969ರಲ್ಲಿ ನ್ಯೂಯಾರ್ಕಿನಲ್ಲಿ ಹಿರೋಮಿ ಶಿನ್ಯಾ ಮತ್ತು ವಿಲಿಯಂ ವೂಲ್ಫ್ ಕರುಳಿನ ಒಳಗೆ ನೋಡುವ ಕೊಳವೆಯಾದ ಕೊಲೊನೊಸ್ಕೋಪಿನ ಮೂಲಕ ತಂತಿಯ ಕುಣಿಕೆ ಹಾಕಿ, ವಿದ್ಯುತ್ ಹಾಯಿಸಿ ಪಾಲಿಪ್ ಕತ್ತರಿಸಿದರು. ತೊಟ್ಟಿರುವ ಪಾಲಿಪ್ಪಿಗೆ ಕುಣಿಕೆ ಸಲೀಸು. ಚಪ್ಪಟೆಯಾಗಿ ಹರಡಿಕೊಂಡದ್ದಕ್ಕೆ ಹಾಗಲ್ಲ. ಕರುಳಿನ ಗೋಡೆ ಕೆಲವೇ ಮಿಲಿಮೀಟರ್ ದಪ್ಪ; ಕೈ ತಪ್ಪಿದರೆ ತೂತು.

ಅದಕ್ಕೆ ಕಂಡುಕೊಂಡ ಉಪಾಯವನ್ನು ಪರದೆಯ ಮೇಲೆ ನೋಡಬೇಕು. ಒಳಪದರದ ಕೆಳಗೆ ಸೂಜಿ ಚುಚ್ಚಿ ನೀಲಿ ಬಣ್ಣ ಬೆರೆಸಿದ ಸಲೈನ್ ಬಿಡುತ್ತಾರೆ. ಎಣ್ಣೆಯಲ್ಲಿ ಪೂರಿ ಉಬ್ಬುವಂತೆ ಗುಲಾಬಿ ಬಣ್ಣದ ಆ ಜಾಗ ಮೇಲೇಳುತ್ತದೆ. ಅಸ್ಪಷ್ಟವಾಗಿದ್ದ ಅಂಚು ನೀಲಿಯ ಮೇಲೆ ಗೆರೆ ಎಳೆದಂತೆ ಕಾಣುತ್ತದೆ. ಗೋಡೆಯ ಸ್ನಾಯು ಕೆಳಗೇ ಉಳಿಯುತ್ತದೆ. ಉಬ್ಬಿದ್ದನ್ನು ಕುಣಿಕೆಯಿಂದ ಕತ್ತರಿಸಬಹುದು, ಇಲ್ಲವೇ ಜಪಾನಿನ ವೈದ್ಯರು ಮೊದಲು ಜಠರಕ್ಕಾಗಿ ರೂಢಿಸಿದ ವಿಧಾನದಲ್ಲಿ ಪುಟ್ಟ ಚಾಕುವಿನಿಂದ ಇಡಿಯಾಗಿ ಬಿಡಿಸಬಹುದು. ಸುತ್ತ ಎದ್ದು ನಡುವೆ ಮಾತ್ರ ಏಳದಿದ್ದರೆ ಎರಡು ಅನುಮಾನ: ಕ್ಯಾನ್ಸರ್ ಆಳಕ್ಕೆ ಇಳಿದಿರಬಹುದು, ಅಥವಾ ಹಿಂದೊಮ್ಮೆ ಅರ್ಧ ಕಿತ್ತು ಬಿಟ್ಟ ಗಾಯದ ಕಲೆ ಪದರಗಳನ್ನು ಅಂಟಿಸಿರಬಹುದು.

ಗಡ್ಡೆ ಕೂತ ಜಾಗವೇ ಇನ್ನೊಂದು ಕಷ್ಟ. ಮಡಿಕೆಯ ಹಿಂದೆ ಅಡಗಿದ್ದರೆ ಸ್ಕೋಪನ್ನು ಹಿಂದಕ್ಕೆ ಬಾಗಿಸಿ ನೋಡಬೇಕು. ಸಣ್ಣಕರುಳು ಬಂದು ಸೇರುವ ಕವಾಟದ ಮೇಲಿದ್ದರೆ ಒಳಗೆ ಎಷ್ಟು ಹಬ್ಬಿದೆ ಎಂಬುದು ಸುಲಭವಾಗಿ ತಿಳಿಯುವುದಿಲ್ಲ. ಅಪೆಂಡಿಕ್ಸಿನ ಬಾಯಲ್ಲಿದ್ದರೆ ನೀರು ಬಿಟ್ಟರೂ ಸರಿಯಾಗಿ ಉಬ್ಬದು. ಅಂಥ ಸಣ್ಣ ಗಡ್ಡೆಗೆ ಈಗ ಬೇರೊಂದು ಸಾಧನವಿದೆ: ಗೋಡೆಯನ್ನೇ ಸ್ಕೋಪಿನ ತುದಿಯ ಒಂದು ಟೋಪಿಯೊಳಕ್ಕೆ ಎಳೆದು, ಬುಡಕ್ಕೆ ಕ್ಲಿಪ್ ಹಾಕಿ ಭದ್ರಮಾಡಿ, ಆಮೇಲೆ ಮೇಲಿನದನ್ನು ಎಲ್ಲ ಪದರಗಳ ಸಮೇತ ಕತ್ತರಿಸುವುದು. ನಂತರ ಉಳಿದ ಅಪೆಂಡಿಕ್ಸ್ ಊದಿಕೊಳ್ಳುವ ಸಾಧ್ಯತೆಯಿದೆ. ಅದನ್ನು ರೋಗಿಗೆ ಮೊದಲೇ ಹೇಳಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಕೊನೆಯ ಜಾಗ, ಗುದದ್ವಾರದ ಅಂಚು. ಮೇಲಿನ ಕರುಳಿಗೆ ಕತ್ತರಿಸಿದರೂ ನೋವು ತಿಳಿಯದು. ಇಲ್ಲಿನ ಒಂದು ಗೆರೆಯಿಂದ ಕೆಳಗೆ ಚರ್ಮದಷ್ಟೇ ನೋವು. ಹಾಗಾಗಿ ಉಬ್ಬಿಸುವ ನೀರಿಗೇ ಮರಗಟ್ಟಿಸುವ ಮದ್ದು ಸೇರಿಸುತ್ತಾರೆ. ಮೂಲವ್ಯಾಧಿಯ ರಕ್ತನಾಳಗಳೂ ಇಲ್ಲೇ ಇರುವುದರಿಂದ ರಕ್ತ ಜಾಸ್ತಿ, ಪ್ರತಿ ನಾಳವನ್ನೂ ಸುಟ್ಟು ಮುಚ್ಚುತ್ತ ಸಾಗಬೇಕು. ಆದರೆ ಈ ತಾಳ್ಮೆಯ ಕೆಲಸದಿಂದ ರೋಗಿಗೆ ಗುದದ್ವಾರವೇ ಉಳಿಯುತ್ತದೆ, ಹೊಟ್ಟೆಗೆ ಚೀಲ ಕಟ್ಟಿಕೊಂಡು ಬದುಕುವುದು ತಪ್ಪಬಹುದು.

ಆಳಕ್ಕೆ ಇಳಿದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆಯೇ ಸರಿ, ಅದರಲ್ಲಿ ಎರಡು ಮಾತಿಲ್ಲ. ಜಾಗ ಕಷ್ಟದ್ದು ಎಂಬುದೊಂದೇ ಕಾರಣಕ್ಕೆ ಕರುಳು ಕತ್ತರಿಸುವುದು ಮಾತ್ರ ನನಗೆ ಒಪ್ಪಿಗೆಯಿಲ್ಲ. ನಮ್ಮ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕೊರಳಿಗೆ ಇದೆ, ಕರುಳಿಗಿಲ್ಲ. ಆದ್ದರಿಂದ ರಕ್ತ ಕಂಡರೆ ನಾಚಿಕೊಳ್ಳದೆ ವೈದ್ಯರ ಬಳಿ ಹೋಗಿ. ಗಡ್ಡೆ ಸಿಕ್ಕಿತು ಎಂದಾದರೆ, ಅರ್ಧ ಕೀಳಿಸಿಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳಿ: ಇಂಥ ಜಾಗದ ಗಡ್ಡೆಯನ್ನು ಒಳಗಿನಿಂದಲೇ ಪೂರ್ತಿ ತೆಗೆದು ಅಭ್ಯಾಸವಿರುವವರು ಈ ಊರಿನಲ್ಲಿ ಯಾರಿದ್ದಾರೆ?